ಅವಸರವಿಲ್ಲದ ಏಳು ಬಂದೂಕುಗಳು

ಜನವರಿ 6, ಸೋಮವಾರ. ಬೆಳಗ್ಗೆ 8

ಅನ್ಯಾಯ ಆದದ್ದು ನವೆಂಬರ್ ಹದಿನೈದರಂದು. ಬರೆದಿಡುತ್ತಿದ್ದೇನೆ, ಮುಂದೆ ಯಾರೂ ತಾರೀಖು ಮರೆತುಹೋಯಿತು ಎನ್ನಬಾರದು. ನವೆಂಬರ್ ಹದಿನೈದು ಜಿಂಕೆ ಬೇಟೆಯ ಮೊದಲ ದಿನ. ಉತ್ತರದ ನಮ್ಮ ಕೌಂಟಿಗಳಲ್ಲಿ ಶಾಲೆಗೂ ರಜೆ. ಗಂಡಸರು, ಹೆಂಗಸರು, ಪಾದ್ರಿ ಸಮೇತ ಎಲ್ಲರೂ ಕಾಡಿನಲ್ಲಿ. ಆ ದಿನವೇ ಮುನ್ನೂರೈವತ್ತು ಮೈಲಿ ದೂರದ ರಾಜಧಾನಿಯಲ್ಲಿ ಬಂದೂಕಿನ ಅಂಗಡಿಗಳ ಹೊಸ ನಿಯಮಗಳ ಬಗ್ಗೆ ಸಾರ್ವಜನಿಕ ವಿಚಾರಣೆ ಇಟ್ಟರು. ನಡಾವಳಿ ತರಿಸಿ ಓದಿದೆ. 'ಉತ್ತರ ಭಾಗದಿಂದ ಯಾವ ಆಕ್ಷೇಪಣೆಯೂ ಬರಲಿಲ್ಲ.' ಹೇಗೆ ಬರುತ್ತದೆ?

ನಲವತ್ತೇಳು ಪುಟ. ಜನವರಿ ಒಂದರಿಂದ ಜಾರಿ.

ನಿಯಮವೇ ಬೇಡ ಎನ್ನುವವಳಲ್ಲ ನಾನು. ಕದ್ದ ಬಂದೂಕುಗಳು ದಕ್ಷಿಣದ ನಗರಗಳಲ್ಲಿ ಏನು ಮಾಡುತ್ತವೆ ಎಂದು ಪತ್ರಿಕೆಯಲ್ಲಿ ಓದುತ್ತೇನೆ. ಮಕ್ಕಳ ಫೋಟೋ ನೋಡುತ್ತೇನೆ. ಉಕ್ಕಿನ ಬಾಗಿಲು ಹಾಕಿಸಿ ಎಂದರು — ಹಾಕಿಸಿದೆ. ಅಲಾರಂ — ಆಯಿತು. ಆದರೆ ಪುಟ ಮೂವತ್ತೊಂದು... ಅದನ್ನು ಮೂರು ಸಲ ಓದಿದೆ. 'ರಿಪೇರಿಗೆ ಅಥವಾ ಶುಚಿಗೊಳಿಸಲು ಬಿಟ್ಟ ಆಯುಧಗಳು.' ಎದ್ದು ಹೋಗಿ ತಿಜೋರಿ ತೆಗೆದು ನೋಡಿದೆ.

ಹೊರಗೆ ಮೈನಸ್ ಹನ್ನೊಂದು. ತಮ್ಮ ರೂಡಿ ಹಿಂದಿನ ಕೋಣೆಯಲ್ಲಿ ಒಲೆ ಹಚ್ಚುತ್ತಿದ್ದಾನೆ. ಅಂಗಡಿ ತೆಗೆಯಬೇಕು.

ಜನವರಿ 9, ಗುರುವಾರ

ಕ್ಯಾಮೆರಾ ಬಂತು. ಕೌಂಟರಿನ ಮೇಲೊಂದು, ಬಾಗಿಲಿಗೊಂದು. ಚಿತ್ರದ ಜೊತೆಗೆ ಮಾತನ್ನೂ ಹಿಡಿಯುತ್ತದೆ. ತೊಂಬತ್ತು ದಿನ ಕಾಯ್ದಿಡಬೇಕು, ಕೇಳಿದಾಗ ಒಪ್ಪಿಸಬೇಕು.

ರೂಡಿ ಅದರ ಕೆಳಗೆ ನಿಂತು ತಲೆ ಬಾಚಿಕೊಂಡ. "ಐವತ್ತೊಂಬತ್ತು ವರ್ಷ ಆಯ್ತು, ನನ್ನ ಮುಖಾನ ಯಾರೂ ಇಷ್ಟೊತ್ತು ನೋಡಿರ್ಲಿಲ್ಲ ಕಣೇ ವರ್ನಾ."

"ನೋಡೋರಿಗೆ ಸಂಬಳ ಕೊಡ್ತಾರಂತೆ. ಪಾಪ."

ನಕ್ಕೆವು. ಈ ದಿನ ನಕ್ಕದ್ದು ಅಷ್ಟೇ.

ಮೂರು ಗಂಟೆಗೆ ಒಬ್ಬ ಬಂದ. ಊರಿನವನೇ. ಹೆಸರನ್ನು ಇಲ್ಲಿ ಕೂಡ ಬರೆಯುವುದಿಲ್ಲ. ಕೈಯಲ್ಲಿ ಚೀಲದಲ್ಲಿ ಸುತ್ತಿದ ಬಂದೂಕು. ಕಣ್ಣು ಕೆಂಪು. ಬಾಯಿ ತೆರೆದ — ಅಷ್ಟರಲ್ಲಿ ತಲೆಯೆತ್ತಿ ನೋಡಿದ. ಕ್ಯಾಮೆರಾದ ಕೆಂಪು ದೀಪ. ಬಾಯಿ ಮುಚ್ಚಿದ. ಹಿಂದಕ್ಕೆ ತಿರುಗಿ ಹೊರಟೇ ಹೋದ. ಬಂದೂಕು ಅವನ ಜೊತೆಯಲ್ಲೇ.

ಓಡಿಹೋದೆ. ಗಾಡಿ ಮೂಲೆ ತಿರುಗಿತ್ತು. ಅವನ ಹೆಂಡತಿಗೆ ಫೋನ್ ಮಾಡಿ, ಚರ್ಚಿನ ಊಟಕ್ಕೆ ಏನು ತರುತ್ತೀ ಎಂದು ಸುಮ್ಮನೆ ಮಾತೆಳೆದು, ಕೊನೆಗೆ ಇದ್ದದ್ದನ್ನು ಹೇಳಿಬಿಟ್ಟೆ. ಅವಳು, "ನಾನು ನೋಡ್ಕೋತೀನಿ" ಅಂದಳು.

ಅಪ್ಪನ ಪದ್ಧತಿಯನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆಯದೆ ಇರುವುದೇ ಅದರ ಜೀವ. ಈಗ ಬರೆಯುತ್ತೇನೆ. ಇಲ್ಲದಿದ್ದರೆ ಇತ್ತು ಎಂದು ಹೇಳಲೂ ಯಾರೂ ಇರುವುದಿಲ್ಲ.

ಮನಸ್ಸು ಕೆಟ್ಟವನು, ತನ್ನ ಮೇಲೆ ತನಗೇ ನಂಬಿಕೆ ಇಲ್ಲದವನು, ಬಂದೂಕನ್ನು ತಂದು ಕೌಂಟರಿನ ಮೇಲಿಟ್ಟು ಹೇಳುತ್ತಾನೆ: 'ಕ್ಲೀನ್ ಮಾಡಿಡಿ. ಅವಸರವಿಲ್ಲ.' ಅಷ್ಟೇ. ನಾವು ಕೇಳುವುದಿಲ್ಲ. ಚೀಟಿ ಬರೆದು, ನಿಜವಾಗಿಯೂ ಕ್ಲೀನ್ ಮಾಡಿ, ತಿಜೋರಿಯಲ್ಲಿಡುತ್ತೇವೆ. ತಿಂಗಳು, ಎರಡು ವರ್ಷ, ಎಷ್ಟಾದರೂ. ವಾಪಸು ಕೇಳಲು ಬಂದರೆ ಕಾಫಿ ಕೊಟ್ಟು ಕೂರಿಸುತ್ತೇವೆ. ಲೋಟ ಖಾಲಿಯಾಗುವತನಕ ಕೂತು, ಮುಂದಿನ ವಾರದ್ದೋ ಬೇಸಿಗೆಯದ್ದೋ ಮಾತೆತ್ತಿದರೆ ಬಂದೂಕು ಅವನದು. ಇಲ್ಲವಾದರೆ — 'ಇದಕ್ಕೆ ಹಾಕುವ ಸ್ಪ್ರಿಂಗ್ ಇನ್ನೂ ಬಂದಿಲ್ಲ, ಹದಿನೈದು ದಿನ ಬಿಟ್ಟು ಬಾ.' ಅವನಿಗೂ ಗೊತ್ತು ಅದು ಸುಳ್ಳೆಂದು. ತಲೆಯಾಡಿಸಿ ಹೋಗುತ್ತಾನೆ.

ಗಣಿ ಮುಚ್ಚಿದ ಚಳಿಗಾಲ ನನಗೆ ಹದಿನೇಳು. ಆಗ ಅಪ್ಪನ ತಿಜೋರಿಯಲ್ಲಿ ಜಾಗವಿಲ್ಲದೆ ನನ್ನ ಮಂಚದ ಕೆಳಗೂ ಬಂದೂಕು. ನಲವತ್ತೊಂದು. ಎಣಿಸಿದವಳು ನಾನೇ. ಆ ಚಳಿಗಾಲ ನಮ್ಮೂರಿನ ಚರ್ಚಿನಲ್ಲಿ ಅಂಥ ಶವಸಂಸ್ಕಾರ ಒಂದೂ ಆಗಲಿಲ್ಲ. ಅಂಗಡಿಯೇ ಇಲ್ಲದ ಪಕ್ಕದ ಊರಿನಲ್ಲಿ ನಾಲ್ಕು.

ಈಗ ತಿಜೋರಿಯಲ್ಲಿ ಏಳಿವೆ.

ಜನವರಿ 14, ಮಂಗಳವಾರ

ರಾಜ್ಯದ ವೆಬ್‌ಸೈಟಿನಲ್ಲಿ ಫಾರಂ ತುಂಬಿದೆ. ರಿಪೇರಿಗೆ ಬಂದ ಪ್ರತಿ ಬಂದೂಕಿನ ಎದುರು ಎರಡೇ ಚೌಕ. 'ಕೆಲಸ ಬಾಕಿ ಇದೆ.' 'ಕೆಲಸ ಮುಗಿದಿದೆ.' ಮೂರನೆಯದಿಲ್ಲ.

"ಬಾಕಿ ಅಂತ ಒತ್ತು" ಅಂದ ರೂಡಿ.

"ಒತ್ತಿದ್ರೆ ಯಾವ ಬಿಡಿಭಾಗ, ಎಲ್ಲಿಂದ ತರಿಸ್ತಿದೀರ, ಆರ್ಡರ್ ನಂಬರ್ ಏನು ಅಂತ ಕೇಳುತ್ತೆ."

"ಯಾವುದೋ ಒಂದು ನಂಬರ್ ಬರಿ."

"ಸರ್ಕಾರದ ಕಾಗದದ ಮೇಲಾ?"

"ಅಯ್ಯೋ ಮಾರಾಯ್ತಿ! ಊರಿಗೆಲ್ಲ ಸ್ಪ್ರಿಂಗ್ ಬಂದಿಲ್ಲ ಅಂತೀಯ, ಇವರಿಗೊಂದು ಹೇಳಕ್ಕೆ ಏನು ರೋಗ?"

ಆಗಲಿಲ್ಲ. ಮೂವತ್ತು ವರ್ಷದಿಂದ ನೆರೆಯವರ ಮುಖ ನೋಡಿ ಸುಳ್ಳು ಹೇಳಿದ್ದೇನೆ, ಸರ್ಕಾರಕ್ಕೆ ಒಂದನ್ನೂ ಬರೆದುಕೊಟ್ಟಿಲ್ಲ. ಕೆಳಗೆ ಸಹಿ ಮಾಡುವ ಜಾಗದಲ್ಲಿ 'ಮೇಲಿನದೆಲ್ಲ ಸತ್ಯ' ಎಂದಿದೆ. ಅಪ್ಪನ ಪರವಾನಗಿ, ಅಪ್ಪನ ಹೆಸರಿನ ಅಂಗಡಿ. ಕ್ಲೀನ್ ಮಾಡಿದ್ದು ನಿಜ, ಬಾಕಿ ಏನೂ ಇಲ್ಲ. ಏಳಕ್ಕೂ 'ಮುಗಿದಿದೆ' ಎಂದು ಒತ್ತಿದೆ.

ಬರೀ ದಾಸ್ತಾನು ಲೆಕ್ಕ ಎಂದುಕೊಂಡೆ. ಅಷ್ಟೇ ಅಂದುಕೊಂಡೆ.

ಜನವರಿ 22, ಬುಧವಾರ

ದೇವರೇ.

ಹತ್ತು ಗಂಟೆಗೆ ಶಾಲೆಯ ಅಡುಗೆಮನೆಯ ಕೊರಾಲಿ ನಗುನಗುತ್ತ ಬಂದಳು. ಕೈಯಲ್ಲಿ ಲಕೋಟೆ. "ಏನೇ ವರ್ನಾ, ಸರ್ಕಾರದವರ ಕೈಲಿ ಕಾಗದ ಬರೆಸಿದೀಯ? ನನ್ನ ಹುಚ್ಚು ಬಿಟ್ಟು ಎರಡು ವರ್ಷ ಆಯ್ತು, ಬಂದೂಕು ಇಲ್ಲಿರೋದೇ ಮರೆತಿದ್ದೆ!"

ಓದಿದೆ. 'ನಿಮ್ಮ ಆಯುಧದ ಕೆಲಸ ಮುಗಿದಿದೆ. ಫೆಬ್ರವರಿ 20ರ ಸಂಜೆ ಐದರೊಳಗೆ ಪಡೆದುಕೊಳ್ಳಿ. ಪಡೆಯದಿದ್ದಲ್ಲಿ ತ್ಯಜಿಸಿದ ಆಯುಧವೆಂದು ರಾಜ್ಯ ಪೊಲೀಸರ ವಶಕ್ಕೆ ಹೋಗುತ್ತದೆ. ವ್ಯಾಪಾರಿ ಕೊಡಲು ನಿರಾಕರಿಸಿದರೆ ಈ ನಂಬರಿಗೆ ಕರೆ ಮಾಡಿ.'

ಏಳು ಮನೆಗಳಿಗೆ ಏಳು ಕಾಗದ. ನಾನು ಒತ್ತಿದ ಏಳು ಚೌಕ. ಏಳು ಜನರ ಮನೆಯ ಟಪ್ಪಾಲು ಪೆಟ್ಟಿಗೆಯಲ್ಲಿ, 'ಬಾ, ನಿನ್ನ ಬಂದೂಕು ತೆಗೆದುಕೊಂಡು ಹೋಗು' ಎಂಬ ಸರ್ಕಾರಿ ಆಹ್ವಾನ.

ಕೊರಾಲಿ ಎರಡು ಲೋಟ ಕಾಫಿ ಕುಡಿದಳು, ಜೂನ್‌ನಲ್ಲಿ ಮೊಮ್ಮಗಳ ಮದುವೆ ಎಂದಳು. ಅವಳ ಬಗ್ಗೆ ಭಯವಿಲ್ಲ. ಕೊಟ್ಟೆ.

ಶಾಲೆಯ ಬಸ್ಸಿನ ಎಮ್ಮೆಟ್‌ಗೂ ಹೋಗಿರುತ್ತದೆ. ಎಮ್ಮೆಟ್‌ಗೂ...

ಜನವರಿ 23

ರಾಜಧಾನಿಗೆ ಫೋನ್. ಐವತ್ತು ನಿಮಿಷ ಸಂಗೀತ ಕೇಳಿಸಿದರು. ಕೊನೆಗೆ ಒಬ್ಬ ಹುಡುಗಿ, ಒಳ್ಳೆಯ ದನಿ. "ಮುಗಿದಿದೆ ಅಂತ ಒಂದ್ಸಲ ಕಳಿಸಿದ್ಮೇಲೆ ಮುಗಿದಿಲ್ಲ ಅನ್ನೋಕೆ ಸಿಸ್ಟಮ್ ಬಿಡಲ್ಲ ಮೇಡಂ."

"ಸಿಸ್ಟಮ್ ಬಿಡಲ್ಲ. ನೀವು?"

"ನಾನೇ ಸಿಸ್ಟಮ್‌ನಲ್ಲಿ ಇಲ್ಲ ಮೇಡಂ, ಹೊರಗಿನ ಕಾಂಟ್ರಾಕ್ಟ್" ಅಂದಳು.

ಫೆಬ್ರವರಿ 3, ಸೋಮವಾರ

ಹತ್ತು ದಿನ ಬರೆಯಲಿಲ್ಲ. ಬಾಗಿಲಿನ ಗಂಟೆ ಬಾರಿಸಿದಾಗಲೆಲ್ಲ ಪೆನ್ನು ಕೆಳಗಿಟ್ಟು ಎದ್ದು ಹೋಗುತ್ತೇನೆ.

ಆರು ಹೋದವು. ಕೊರಾಲಿ ಬಿಟ್ಟು ಪ್ರತಿಯೊಬ್ಬರೂ ಯಾರನ್ನಾದರೂ ಜೊತೆಗೆ ಕರೆದುಕೊಂಡು ಬಂದರು — ಮಗಳು, ಭಾವ, ನಾಯಿ. ಕೂತರು, ಕುಡಿದರು. ಆದರೂ ಇಬ್ಬರ ಮನೆಗೆ ರೂಡಿ ದಿನ ಬಿಟ್ಟು ದಿನ ಹೋಗಿ ಬರುತ್ತಾನೆ, ಹಿಮ ತೆಗೆಯುವ ನೆಪದಲ್ಲಿ. "ಈ ಊರಲ್ಲಿ ಇಷ್ಟು ಹಿಮ ತೆಗೆದೋನು ನಾನೊಬ್ಬನೇ" ಅನ್ನುತ್ತಾನೆ. ಬೆನ್ನು ಹಿಡಿದುಕೊಂಡಿದೆ.

ತಿಜೋರಿಯಲ್ಲಿ ಒಂದು ಉಳಿದಿದೆ. ಎಮ್ಮೆಟ್ ಸರ್ಕೆಲಾನ ರೈಫಲ್. ಅವನಪ್ಪನದು.

ಎಮ್ಮೆಟ್ ನನ್ನ ಜೊತೆ ಓದಿದವನು. ಶಾಲೆಯ ಬಸ್ಸು ಓಡಿಸುತ್ತಾನೆ, ಇಪ್ಪತ್ತಾರು ವರ್ಷದಿಂದ. ಹೋದ ವರ್ಷದ ಹಿಂದಿನ ವರ್ಷ ಹೆಂಡತಿ ಲಿಯೋಟಾ ತೀರಿಹೋದಳು. ಮೊದಲ ಹಿಮ ಬಿದ್ದ ದಿನ ರೈಫಲ್ ತಂದಿಟ್ಟ. 'ಅವಸರವಿಲ್ಲ' ಅನ್ನಲೂ ಅವನಿಗೆ ದನಿ ಬರಲಿಲ್ಲ. ನಾನೇ ಹೇಳಿದೆ, "ಅವಸರ ಏನಿಲ್ಲ ತಾನೆ?" ತಲೆಯಾಡಿಸಿದ.

ಈಗ ದಿನಾ ಬೆಳಗ್ಗೆ ಏಳೂವರೆಗೆ ಅವನ ಬಸ್ಸು ಅಂಗಡಿಯ ಮುಂದೆ ಹೋಗುತ್ತದೆ. ಮೊದಲೆಲ್ಲ ಹಾರ್ನ್ ಮಾಡುತ್ತಿದ್ದ. ಕಾಗದ ಬಂದಾಗಿನಿಂದ ಹಾರ್ನ್ ಇಲ್ಲ.

ಫೆಬ್ರವರಿ 5, ಬುಧವಾರ. ಮಧ್ಯಾಹ್ನ

ಬಂದ. ಒಬ್ಬನೇ.

ಕಾಫಿ ಕೊಟ್ಟೆ. ಮುಟ್ಟಲಿಲ್ಲ. ರೂಡಿ ಬಂದು ಮೀನಿನ ಮಾತು ತೆಗೆದ, ಕೆರೆಯ ಮೇಲೆ ಈ ಸಲ ಮಂಜುಗಡ್ಡೆ ಎಷ್ಟು ದಪ್ಪ ಎಂದ. ಎಮ್ಮೆಟ್ "ಹೂಂ" ಅಂದ. ಬೇಸಿಗೆಯ ಮಾತಿಗೂ "ಹೂಂ". ಕಾಫಿಯ ಮೇಲೆ ಕೆನೆ ಕಟ್ಟಿತು.

"ಸ್ಪ್ರಿಂಗ್ ಬಂದಿಲ್ಲ ಕಣೋ" ಅಂದೆ. "ಹದಿನೈದು ದಿನ ಬಿಟ್ಟು ಬಾ."

ಜೇಬಿನಿಂದ ಕಾಗದ ತೆಗೆದು ಕೌಂಟರಿನ ಮೇಲೆ ಹರಡಿದ. ಬೆರಳಿಟ್ಟು ತೋರಿಸಿದ. ಕೆಲಸ ಮುಗಿದಿದೆ. ಕೆಳಗೆ ನನ್ನ ಹೆಸರು.

"ಯಾರಿಗೆ ಸುಳ್ಳು ಹೇಳ್ದೆ ವರ್ನಾ? ಇವ್ರಿಗಾ, ನಂಗಾ?"

ಮೇಲೆ ಕೆಂಪು ದೀಪ. ನಿನಗೇ ಎಂದರೆ ಅದು ಕೇಳಿಸಿಕೊಳ್ಳುತ್ತದೆ. ಅವರಿಗೆ ಎಂದರೂ ಕೇಳಿಸಿಕೊಳ್ಳುತ್ತದೆ.

"ನಿಮ್ಮಪ್ಪ ಹೀಗೆ ಮಾಡ್ತಿರ್ಲಿಲ್ಲ" ಅಂದ. ಟೋಪಿ ಹಾಕಿಕೊಂಡು ಹೋದ. ಕೊಡು ಎಂದು ಇನ್ನೊಮ್ಮೆ ಕೇಳಲಿಲ್ಲ. ಅದೇ ಹೆದರಿಕೆ. ಜಗಳ ಆಡಿದ್ದರೆ ಸಮಾಧಾನ ಇರುತ್ತಿತ್ತು.

ಫೆಬ್ರವರಿ 11, ಮಂಗಳವಾರ

ರಾಜ್ಯದ ತಪಾಸಣಾಧಿಕಾರಿ. ಡಾಯ್ಲ್ ಪ್ರುಯಿಟ್ ಅಂತೆ. ಮೂವತ್ತರ ಹುಡುಗ, ಬೂಟಿನ ಹಿಮವನ್ನು ಬಾಗಿಲಲ್ಲೇ ಒದರಿ ಒಳಗೆ ಬಂದ. ಗ್ರಾಹಕರೊಬ್ಬರಿಂದ ದೂರು ಬಂದಿದೆ, ಆಯುಧ ವಾಪಸು ಕೊಡಲು ನಿರಾಕರಣೆ.

ಎಮ್ಮೆಟ್ ಆ ನಂಬರಿಗೆ ಫೋನ್ ಮಾಡಿದ್ದಾನೆ. ಇಪ್ಪತ್ತಾರು ವರ್ಷದಲ್ಲಿ ಶಾಲೆಗೆ ಒಂದೂ ದೂರು ಕೊಡದ ಮನುಷ್ಯ. ಅಷ್ಟು ಬೇಕಾಗಿದೆ ಅವನಿಗೆ ಅದು.

ಪ್ರುಯಿಟ್‌ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ, ಅಲ್ಲಿ ಕ್ಯಾಮೆರಾ ಇಲ್ಲ. ಹೆಸರು ಹೇಳದೆ ಎಲ್ಲ ಹೇಳಿದೆ. ಅಪ್ಪ, ಗಣಿ, ಕಾಫಿ, ಸ್ಪ್ರಿಂಗ್. ಅವನು ಪೆನ್ನು ಮುಚ್ಚಿಟ್ಟು ಕೇಳಿದ.

"ರೂಲ್ ಬರೆಯೋವಾಗ ಇದು ಯಾರ ತಲೇಲೂ ಇರ್ಲಿಲ್ಲ ಮೇಡಂ" ಅಂದ. ಪ್ರಾಮಾಣಿಕವಾಗಿಯೇ.

"ಈಗ ನಿಮ್ಮ ತಲೇಲಿ ಇದ್ಯಲ್ಲ. ನಾನೇನ್ ಮಾಡ್ಲಿ?"

ಮೂರು ದಾರಿ ಎಂದ. ಕೊಟ್ಟುಬಿಡುವುದು ಒಂದು. ಇಪ್ಪತ್ತನೇ ತಾರೀಖಿನವರೆಗೆ ಸುಮ್ಮನಿದ್ದು ಪೊಲೀಸರಿಗೆ ಒಪ್ಪಿಸುವುದು ಇನ್ನೊಂದು — ಆಗ 'ತ್ಯಜಿಸಿದ ಆಯುಧ' ಎಂಬ ಪಟ್ಟಿಯಲ್ಲಿ ಅವನ ಹೆಸರು, ಮನೆಗೆ ವಿಚಾರಣೆ. ಇಲ್ಲವೇ ಕೋರ್ಟಿಗೆ ಹೇಳಿ ತಡೆ ತರಿಸುವುದು, ಅದು ಬಹಿರಂಗ ದಾಖಲೆ.

"ಅವನು ಸ್ಕೂಲ್ ಬಸ್ ಓಡಿಸ್ತಾನೆ" ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡೆ. ದೂರಿನಲ್ಲಿ ಹೆಸರು ಇದ್ದೇ ಇದೆ ಎಂದು ಆಮೇಲೆ ಹೊಳೆಯಿತು.

ಪ್ರುಯಿಟ್ ಕಿಟಕಿಯಿಂದ ಹೊರಗೆ ನೋಡಿದ. "ಹಾಗಿದ್ರೆ ಪೊಲೀಸ್ ಆಗ್ಲಿ ಕೋರ್ಟ್ ಆಗ್ಲಿ, ವಿಚಾರಣೆ ಮುಗಿಯೋತನಕ ಬಸ್ ಕೊಡಲ್ಲ. ಆರು ತಿಂಗಳು. ಜಾಸ್ತಿನೂ ಆಗ್ಬಹುದು."

"ನಾವೇ ಕೊಂಡ್ಕೊಂಡ್ರೆ?" ರೂಡಿ ಕೇಳಿದ.

"ರಿಪೇರಿಗೆ ಬಂದಿದ್ದನ್ನ ಅದೇ ಅಂಗಡಿಯೋರು ತೊಂಬತ್ತು ದಿನ ಕೊಳ್ಳೋ ಹಾಗಿಲ್ಲ ಸಾರ್. ಬೇರೆ ಅಂಗಡಿ..."

"ಬೇರೆ ಅಂಗಡಿ! ಕೌಂಟಿಯಲ್ಲಿ ಇದ್ದ ಮೂರೂ ಹೊಸ ವರ್ಷಕ್ಕೆ ಬಾಗಿಲು ಹಾಕ್ಕೊಂಡ್ವು ಕಣಪ್ಪಾ. ನಿಮ್ಮ ಪುಸ್ತಕದ ಭಾರಕ್ಕೆ."

ಹುಡುಗ ತಲೆ ತಗ್ಗಿಸಿದ. ಹೋಗುವಾಗ ಹೇಳಿದ, ಇಪ್ಪತ್ತರಂದು ಕೌಂಟಿ ಕೋರ್ಟಿಗೆ ಈ ನಿಯಮ ಬರೆದ ಆಯೋಗದವರು ಬರುತ್ತಾರೆ, ಅಹವಾಲು ಕೇಳಲು. ಒಬ್ಬರಿಗೆ ಮೂರು ನಿಮಿಷ. ಹೆಸರು ಬರೆಸಿ.

ಅದೇ ಇಪ್ಪತ್ತು.

ಬೆಳಗ್ಗೆ ಎದ್ದು ಕೋಟು ಹಾಕಿಕೊಳ್ಳಲು ಎಮ್ಮೆಟ್‌ಗೆ ಇರುವ ಒಂದೇ ಕಾರಣ ಆ ಬಸ್ಸು. ಬಂದೂಕು ಕೊಟ್ಟರೂ ಹೋಗುತ್ತಾನೆ, ಬಸ್ಸು ಕಿತ್ತುಕೊಂಡರೂ ಹೋಗುತ್ತಾನೆ. ನಲವತ್ತೇಳು ಪುಟದಲ್ಲಿ ಅವನು ಬದುಕಿರುವ ಒಂದು ಸಾಲನ್ನೂ ಬರೆದಿಲ್ಲ.

ಫೆಬ್ರವರಿ 14

ಪ್ರುಯಿಟ್‌ನ ಇಲಾಖೆಯಿಂದ ನೋಟಿಸು. ಇಪ್ಪತ್ತರ ಸಂಜೆ ಐದರೊಳಗೆ ಆಯುಧವನ್ನು ಮಾಲೀಕನಿಗೋ ಪೊಲೀಸರಿಗೋ ಕೊಡದಿದ್ದರೆ ಪರವಾನಗಿ ಅಮಾನತು. ಅಪ್ಪ ತೆಗೆದ ಅಂಗಡಿ. ಐವತ್ತೆಂಟು ವರ್ಷ.

ರೂಡಿ ನೋಟಿಸನ್ನು ಓದಿ ಮಡಚಿಟ್ಟ. ಎಂದಿನಂತೆ ತಮಾಷೆ ಮಾಡುತ್ತಾನೆ ಎಂದು ಕಾದೆ. ಮಾಡಲಿಲ್ಲ.

ಫೆಬ್ರವರಿ 19, ಬುಧವಾರ. 4.30

ಬೆಳಗ್ಗೆಯ ಸುತ್ತು ಮುಗಿಸಿ, ಹತ್ತು ಗಂಟೆಗೆ ಬಂದ. ಗಡ್ಡ ಬೋಳಿಸಿಕೊಂಡಿದ್ದ. ಇಸ್ತ್ರಿ ಮಾಡಿದ ಅಂಗಿ. ಎಲ್ಲಿಗೋ ಹೊರಟುನಿಂತವನ ಹಾಗೆ.

"ಕೊಡು ವರ್ನಾ. ನಾಳೆ ಆದ್ರೆ ಪೊಲೀಸರ ಪಾಲಾಗುತ್ತೆ. ನಮ್ಮಪ್ಪಂದು ಅದು."

ಕಾಫಿ ಹಾಕಲಿಲ್ಲ. ಸ್ಪ್ರಿಂಗ್ ಅನ್ನಲಿಲ್ಲ. ಅಪ್ಪ, ನಾನು, ರೂಡಿ, ಮೂವರೂ ಐವತ್ತೆಂಟು ವರ್ಷದಲ್ಲಿ ಯಾರನ್ನೂ ಕೇಳದೆ ಇದ್ದದ್ದನ್ನು ಕೇಳಿದೆ.

"ಎಮ್ಮೆಟ್, ಸಾಯ್ಬೇಕು ಅಂತಿದೀಯಾ?"

ರೂಡಿಯ ಕೈಯಿಂದ ಅರ ಕೆಳಗೆ ಬಿತ್ತು. ಎಮ್ಮೆಟ್‌ನ ಮುಖ ಕೆಂಪಾಯಿತು, ಬೆತ್ತಲೆ ನಿಲ್ಲಿಸಿದ ಹಾಗೆ. ಕಣ್ಣೆತ್ತಿ ಮೇಲೆ ನೋಡಿದ.

"ಅದಕ್ಕೆ ಕೇಳ್ಸುತ್ತಾ?"

"ಕೇಳ್ಸುತ್ತೆ."

ಹೊರಗೆ ಹೋಗಿಬಿಟ್ಟ. ನಾನು ಎಂಥ ಕೆಲಸ ಮಾಡಿದೆ! ಅವನ ಹೆಸರು, ನನ್ನ ಪ್ರಶ್ನೆ, ತೊಂಬತ್ತು ದಿನ ಪೆಟ್ಟಿಗೆಯಲ್ಲಿ. ಕೌಂಟರ್ ಹಿಡಿದು ನಿಂತೆ. ಗಾಡಿ ಹೊರಡುವ ಸದ್ದಿಗೆ ಕಾದೆ. ಸದ್ದಾಗಲಿಲ್ಲ.

ಕೋಟಿಲ್ಲದೆ ಹೊರಗೆ ಓಡಿದೆ. ಬೀದಿಯಾಚೆ, ಬಾಗಿಲಿನ ಕ್ಯಾಮೆರಾಕ್ಕೆ ಕಾಣದ ಕಡೆ, ತನ್ನ ಗಾಡಿಗೆ ಒರಗಿ ನಿಂತಿದ್ದ. ಉಸಿರು ಹೊಗೆಯಾಗಿ ಹೋಗುತ್ತಿತ್ತು.

"ಹೋದ ವಾರ ಹೌದು" ಅಂದ. "ಈ ವಾರ... ಗೊತ್ತಾಗ್ತಿಲ್ಲ ಕಣೇ. ಬೆಳಗ್ಗೆ ಒಂಥರ. ಮಕ್ಕಳನ್ನ ಇಳಿಸಿ ಬಂದ್ಮೇಲೆ ಒಂಥರ. ಆ ಕಾಗದ ಅಡುಗೆಮನೆ ಮೇಜಿನ ಮೇಲೇ ಇದೆ. ದಿನಾ ಕರೆಯುತ್ತೆ."

"ಫೋನ್ ಯಾಕ್ ಮಾಡ್ದೆ ಅವ್ರಿಗೆ?"

"ನೀನು ನಂಗೆ ಸುಳ್ಳು ಹೇಳ್ದೆ ಅಂತ ಸಿಟ್ಟು ಬಂತು. ನೀನು ಸುಳ್ಳು ಹೇಳ್ಬೇಕು ಅಂತಾನೇ ಅಲ್ವಾ ನಾನು ತಂದಿಟ್ಟಿದ್ದು? ಆದ್ರೂ ಬಂತು." ನಗಲು ಪ್ರಯತ್ನಿಸಿದ, ಆಗಲಿಲ್ಲ. ಆಮೇಲೆ ನನ್ನ ತೋಳು ಹಿಡಿದ, ನೋವಾಗುವಷ್ಟು. "ಕೊಡಬೇಡ ವರ್ನಾ. ನಾನು ಮತ್ತೆ ಬಂದು ಗಲಾಟೆ ಮಾಡಿದ್ರೂ ಕೊಡಬೇಡ. ಬಸ್ಸೂ ತೆಗೀಬೇಡ ನನ್ನಿಂದ. ಏನಾದ್ರೂ ಮಾಡು."

ನಾನು ಹೂಂ ಎಂದೆ. ಏನು ಮಾಡುತ್ತೇನೆಂದು ಗೊತ್ತಿಲ್ಲದೆ. ಅಷ್ಟರಲ್ಲಿ ರೂಡಿ ನನ್ನ ಕೋಟು ಹಿಡಿದು ಬಂದ, ನನ್ನ ಹೆಗಲಿಗೆ ಹಾಕಿ ಎಮ್ಮೆಟ್‌ಗೆ ಹೇಳಿದ: "ನಮ್ಮ ಮನೇಲಿ ಮಲಗೋ ಇವತ್ತು. ಸೌನಾ ಕಾಯಿಸ್ತೀನಿ, ಬಿಸಿ ಹಬೇಲಿ ಕೂರೋಣ. ನೀನು ಬರ್ಲಿಲ್ಲ ಅಂದ್ರೆ ನಾನೇ ಬಂದು ನಿನ್ನ ಮನೆ ಹಿಮ ತೆಗೀಬೇಕಾಗುತ್ತೆ, ನನ್ನ ಬೆನ್ನು ನೋಡಿ ಕರುಣೆ ಇಡು."

ಬರುತ್ತೇನೆ ಎಂದಿದ್ದಾನೆ. ಮಧ್ಯಾಹ್ನದ ಮಕ್ಕಳನ್ನು ಮನೆಗೆ ಮುಟ್ಟಿಸಿ ಐದಕ್ಕೆ. ಈಗ ನಾಲ್ಕೂ ಐವತ್ತು. ಬೀದಿ ನೋಡುತ್ತ ಬರೆಯುತ್ತಿದ್ದೇನೆ.

5.20. ಇನ್ನೂ ಇಲ್ಲ.

5.35. ಬಂದ. ಒಂದು ಮಗು ಬಸ್ಸಿನಲ್ಲಿ ಬೂಟು ಬಿಟ್ಟಿತ್ತಂತೆ. ಕೊಟ್ಟು ಬಂದೆ ಎಂದ.

ಫೆಬ್ರವರಿ 20, ಗುರುವಾರ. ಕೌಂಟಿ ಕೋರ್ಟು, ಮಧ್ಯಾಹ್ನ 1.40

ತೊಂಬತ್ತು ಮೈಲಿ ಒಬ್ಬಳೇ ಗಾಡಿ ಓಡಿಸಿಕೊಂಡು ಬಂದೆ. ತಿಜೋರಿಯ ಕೀಲಿ ನನ್ನ ಕೋಟಿನ ಜೇಬಿನಲ್ಲಿದೆ. ಇರುವುದು ಒಂದೇ ಕೀಲಿ. ಎಮ್ಮೆಟ್ ಕೇಳಿದರೂ, ಪೊಲೀಸರು ಬಂದರೂ, ರೂಡಿ ಕೈ ಬಿಚ್ಚಿ ತೋರಿಸಬಹುದು. ಐದು ಗಂಟೆಗೆ ನಾನು ನಿಯಮ ಮುರಿದವಳಾಗುತ್ತೇನೆ. ಅದನ್ನೂ ಇಲ್ಲೇ ಹೇಳುತ್ತೇನೆ.

ನನ್ನ ನಂಬರ್ ಇಪ್ಪತ್ಮೂರು. ಹತ್ತೊಂಬತ್ತು ನಡೆಯುತ್ತಿದೆ. ಎತ್ತರದ ಮೇಜಿನ ಹಿಂದೆ ಆಯೋಗದ ಐದು ಜನ. ಒಬ್ಬರು ಗಡಿಯಾರ ನೋಡುತ್ತಿದ್ದಾರೆ, ಒಬ್ಬರು ಫೋನು. ಮನೆಗೆ ಎರಡು ಸಲ ಫೋನ್ ಮಾಡಿದೆ. ರೂಡಿ: "ಮಧ್ಯಾಹ್ನದ ಊಟ ಮಾಡ್ದ. ಎರಡೂಮುಕ್ಕಾಲಿಗೆ ಬಸ್ಸಿಗೆ ಹೋಗ್ತಾನೆ. ನಾನೂ ಹತ್ತುತ್ತೀನಿ ಅಂದೆ, ನಿಂಗೆ ವಯಸ್ಸು ಮೀರಿದೆ ಅಂದ."

ಹೇಳಬೇಕಾದದ್ದು, ಹೆಸರಿಲ್ಲದೆ —

ನವೆಂಬರ್ ಹದಿನೈದರಂದು ನಮ್ಮನ್ನು ಕೇಳದೆ ಮಾಡಿದಿರಿ. ನಿಮ್ಮ ಬಾಗಿಲು, ನಿಮ್ಮ ಅಲಾರಂ, ಎಲ್ಲ ಇಟ್ಟುಕೊಂಡಿದ್ದೇನೆ. ನನ್ನ ದೂರು ಅದಲ್ಲ. ನಿಮ್ಮ ಫಾರಂನಲ್ಲಿ ಎರಡು ಚೌಕ ಇವೆ. ಮೂರನೆಯದರಲ್ಲಿ ನಿಂತಿರುವ ಮನುಷ್ಯ ಒಬ್ಬ ನನ್ನ ಊರಿನಲ್ಲಿದ್ದಾನೆ. ಬಂದೂಕು ಕೊಡಬೇಡ ಎಂದು ಅವನೇ ಬೇಡಿಕೊಂಡಿದ್ದಾನೆ. ಕೊಡು ಎಂದು ನೀವು ಕಾಗದ ಬರೆದಿದ್ದೀರಿ. ಕೊಟ್ಟರೆ ನಾನು ಕಾನೂನು ಪಾಲಿಸಿದವಳು.

ಇಪ್ಪತ್ತೊಂದು. ದನಿ ನಡುಗಿದರೆ ನಡುಗಲಿ.

'ಪರಿಶೀಲಿಸುತ್ತೇವೆ' ಬೇಡ. 'ಬರವಣಿಗೆಯಲ್ಲಿ ತಿಳಿಸುತ್ತೇವೆ' ಬೇಡ, ನಿಮ್ಮ ಬರವಣಿಗೆ ನೋಡಿದ್ದೇನೆ. ಈ ದಿನ, ಐದು ಗಂಟೆಯೊಳಗೆ, ಈ ಜನರೆದುರು, ನಿಮ್ಮ ಐವರಲ್ಲಿ ಒಬ್ಬರು ಎದ್ದು ನಿಂತು ಹೆಸರು ಹೇಳಿ ಉತ್ತರಿಸಬೇಕು: ಅವನು ಬಂದು ನನ್ನ ಕೌಂಟರಿನ ಮುಂದೆ ಕೈಚಾಚಿದಾಗ ನಾನು

ಕರೆಯುತ್ತಿದ್ದಾರೆ. ಇಪ್ಪತ್ತೆರಡನೆಯವರು ಬಂದಿಲ್ಲವಂತೆ. ನನ್ನನ್ನೇ —